ಹದಿನೇಳು ಸಹಿ, ಒಂದು ಹೆಬ್ಬೆಟ್ಟು

ನಮ್ಮ ದೊಡ್ಡಮ್ಮನ ಅಂಗಡಿಯ ಅಗಲ ಆರು ಅಡಿ, ಉದ್ದ ಹನ್ನೊಂದು. ಮಾರುತ್ತಿದ್ದುದು ಗುಂಡಿ, ಹುಕ್ಕು, ಜಿಪ್ಪು, ಲೇಸು, ಎಲಾಸ್ಟಿಕ್, ದಾರ. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಒಳಗೆ ಯಾವ ಗುಂಡಿ ಇದೆಯೋ ಅದರಲ್ಲೇ ಒಂದನ್ನು ಪೆಟ್ಟಿಗೆಯ ಮುಂಭಾಗಕ್ಕೆ ದಾರ ಹಾಕಿ ಹೊಲಿದಿರುತ್ತಿದ್ದಳು. ಯಾರಾದರೂ ಬಟ್ಟೆಯ ತುಂಡೊಂದನ್ನು ಮುಂದೆ ಹಿಡಿದರೆ ಸಾಕು, ತಿರುಗಿಯೂ ನೋಡದೆ ಕೈಯನ್ನು ಹಿಂದಕ್ಕೆ ಚಾಚಿ ಬೇಕಾದ ಪೆಟ್ಟಿಗೆಯನ್ನೇ ಎಳೆಯುತ್ತಿದ್ದಳು. ಈ ಚಾಳಿಯಿಂದಾಗಿ ಅವಳ ಕಣ್ಣಿಗೆ ಪೊರೆ ಬಂದದ್ದು ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ, ಅವಳನ್ನೂ ಸೇರಿಸಿ.

ಸುತ್ತಮುತ್ತಲಿನವರಿಗೆಲ್ಲ ಅವಳು ಗುಂಡಿಯಕ್ಕ. ನಾನು ಅವಳ ತಂಗಿಯ ಮಗಳು. ಮಕ್ಕಳಿಲ್ಲದ ಅವಳ ಜೊತೆ ಹನ್ನೆರಡು ವರ್ಷ ಅದೇ ಅಂಗಡಿಯಲ್ಲಿ ಕೂತವಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಅವಳಲ್ಲಿ ಕೋಪ ಎಲ್ಲಿದೆ ಎಂದು ದೀಪ ಹಿಡಿದು ಹುಡುಕಬೇಕು. ಹಾಗಾಗಿ ಅವಳು ಹೇಳಬೇಕಾಗಿದ್ದುದನ್ನು ನಾನು ಹೇಳುತ್ತಿದ್ದೇನೆ. ಖಾರ ಸ್ವಲ್ಪ ಜಾಸ್ತಿಯಾದರೆ ಅದು ನನ್ನದು, ಅವಳದಲ್ಲ.

ನಮ್ಮದು ಒಬ್ಬರೇ ಯಜಮಾನರ ಒಂದೇ ಉದ್ದನೆಯ ಕಟ್ಟಡ. ಮುಂದೆ ಒಂದೇ ಜಗಲಿ, ಅದರ ಮೇಲೆ ಹತ್ತೊಂಬತ್ತು ಬಾಗಿಲು. ಎಲ್ಲರೂ ಬಾಡಿಗೆಯವರೇ. ಹೆಚ್ಚಿನವರು ದರ್ಜಿಗಳು. ನಾಲ್ಕು ಬಟ್ಟೆ ಅಂಗಡಿ, ಒಂದು ಕಸೂತಿ ಅಂಗಡಿ, ಕೊನೆಯ ಬಾಗಿಲಲ್ಲಿ ಇಸ್ತ್ರಿ. ಬೆಳಗ್ಗೆ ಒಂಬತ್ತಕ್ಕೆ ಮಿಷನ್ನುಗಳು ಶುರುವಾದರೆ ಮಾತಾಡುವವರು ದನಿ ಎತ್ತಿಯೇ ಮಾತಾಡಬೇಕು. ಅದಕ್ಕೇ ನಮ್ಮವರೆಲ್ಲ ಮನೆಗೆ ಹೋದ ಮೇಲೂ ಕೂಗಿಯೇ ಮಾತಾಡುತ್ತಾರೆ ಎಂದು ಅವರವರ ಮನೆಯವರ ದೂರು.

ಈ ಸಾಲಿಗೊಂದು ಸಂಘವಿತ್ತು. ದೊಡ್ಡ ದೊಡ್ಡ ಸಂಘಗಳು ದೀಪ ಬೆಳಗಿ ಹುಟ್ಟುತ್ತವೆ, ನಮ್ಮದು ಹುಟ್ಟಿದ್ದು ಕಕ್ಕಸಿನ ಬೀಗದಿಂದ. ನಲವತ್ತು ವರ್ಷದ ಹಿಂದೆ ಯಜಮಾನರು ಹಿತ್ತಲಿನ ಕಕ್ಕಸಿಗೆ ಬೀಗ ಜಡಿದು ಒಳಗೆ ತಮ್ಮ ಹಳೆಯ ಸಾಮಾನು ತುಂಬಿಸಿದರು. ಬೆಳಗಿನಿಂದ ಸಂಜೆಯವರೆಗೆ ಕೂತು ಹೊಲಿಯುವವರು ಏನು ಮಾಡಬೇಕು? ಒಬ್ಬೊಬ್ಬರಾಗಿ ಹೋಗಿ ಕೇಳಿದರು. ಒಬ್ಬೊಬ್ಬರಿಗೂ ಯಜಮಾನರು ಒಂದೇ ಮಾತು ಹೇಳಿ ಕಳಿಸಿದರು: "ಬೇರೆ ಯಾರೂ ಏನೂ ಹೇಳಿಲ್ಲವಲ್ಲ, ನಿಮಗೊಬ್ಬರಿಗೇ ಏನು ತೊಂದರೆ?" ವಾಪಸ್ ಬಂದವರು ಜಗಲಿಯ ಮೇಲೆ ಕೂತು ಮಾತಾಡಿಕೊಂಡಾಗ ಗೊತ್ತಾಯಿತು, ಆ ಒಬ್ಬರು ಏಳು ಜನರಿದ್ದಾರೆ ಎಂದು. ಏಳು ಜನ ಒಟ್ಟಿಗೆ ಹೋದರು. ಬೀಗದ ಕೈ ಸಿಕ್ಕಿತು. ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ ಅಂತಾರಲ್ಲ, ಆ ಗಾದೆಯನ್ನು ನಮ್ಮವರು ಕಲಿತದ್ದು ಅಲ್ಲಿ.

ಆಮೇಲೆ ಸಂಘ ಬೆಳೆಯಿತು. ವಾರಕ್ಕೊಂದು ದಿನ ಎಲ್ಲರೂ ಒಟ್ಟಿಗೆ ಬಾಗಿಲು ಹಾಕುವುದು. ಪಕ್ಕದ ಅಂಗಡಿ ಮೆಟ್ಟಿಲು ಹತ್ತಿದ ಗಿರಾಕಿಯನ್ನು ಕೈ ಬೀಸಿ ಕರೆಯದಿರುವುದು. ಬಟ್ಟೆ ಅಂಗಡಿಗಳ ಅಳತೆ ಕೋಲು ಸವೆದು ಗಿರಾಕಿಗೆ ಮೋಸವಾಗದಂತೆ ಸಂಘದ್ದೇ ಒಂದು ಹಿತ್ತಾಳೆ ಮೀಟರ್ ಕೋಲು ಇಟ್ಟು, ತಿಂಗಳಿಗೊಮ್ಮೆ ಎಲ್ಲರ ಕೋಲನ್ನೂ ಅದಕ್ಕೆ ತಾಳೆ ನೋಡುವುದು. ಶಾಲೆಗಳ ಸಮವಸ್ತ್ರದ ದೊಡ್ಡ ಕೆಲಸ ಬಂದರೆ ಒಬ್ಬರೇ ಬಾಚಿಕೊಳ್ಳದೆ ಸರದಿಯ ಮೇಲೆ ಹಂಚಿಕೊಳ್ಳುವುದು. ಸರದಿ ಬಂದವರು ಕಾಯಿಲೆ ಬಿದ್ದಿದ್ದರೆ ಉಳಿದವರು ಹೊಲಿದು ಅವರ ಹೆಸರಲ್ಲೇ ಕೊಡುತ್ತಿದ್ದರು. ಇದನ್ನೆಲ್ಲ ಯಾವ ಸರ್ಕಾರವೂ ಹೇಳಿಕೊಟ್ಟದ್ದಲ್ಲ.

ದೊಡ್ಡಪ್ಪ ತೀರಿಕೊಂಡಾಗ ದೊಡ್ಡಮ್ಮನಿಗೆ ಮೂವತ್ತೆಂಟು. ಅಲ್ಲಿಯವರೆಗೆ ಅವಳು ಅಂಗಡಿಗೆ ಬಂದದ್ದು ಊಟದ ಡಬ್ಬಿ ಕೊಡಲು ಮಾತ್ರ. ಅವಳು ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದ ಆ ದಿನಗಳಲ್ಲಿ ಗುಂಡಿ ಅಂಗಡಿ ಒಂದು ದಿನವೂ ಮುಚ್ಚಲಿಲ್ಲ. ಸಾಲಿನ ಹದಿನೆಂಟು ಜನ ಸರದಿ ಹಾಕಿಕೊಂಡು ದಿನಕ್ಕೊಬ್ಬರಂತೆ ತಮ್ಮ ಅಂಗಡಿ ಬಿಟ್ಟು ಬಂದು ಇಲ್ಲಿ ಕೂತರು. ಮೊದಲ ದಿನ ಕೂತವರು ಕೋಟಣ್ಣ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಅವತ್ತು ಅವರು ಅಂಗಿಗೆ ಗುಂಡಿ ಕೇಳಿದವರಿಗೆ ಕೋಟಿನ ಗುಂಡಿ, ಕೋಟಿಗೆ ಕೇಳಿದವರಿಗೆ ಪೈಜಾಮದ ಲಾಡಿ ಕೊಟ್ಟು ಕಳಿಸಿದ್ದನ್ನು ದೊಡ್ಡಮ್ಮ ಎಷ್ಟು ಸಲ ಹೇಳಿ ನಕ್ಕಿದ್ದಾಳೋ. ಹತ್ತೊಂಬತ್ತನೆಯ ದಿನ ಅವಳೇ ಬಂದು ಕೂತಳು. ಅವತ್ತಿನಿಂದ ಸಂಘ ಅವಳಿಗೆ ತವರುಮನೆ. ಈ ಮಾತು ಅವಳದೇ.

ಕಾರ್ಯದರ್ಶಿ ಆದದ್ದು ಅದಾದ ಆರನೆಯ ವರ್ಷ. ಅಧ್ಯಕ್ಷಗಿರಿ ಎಲ್ಲರಿಗೂ ಬೇಕು, ಬರೆಯುವ ಕೆಲಸ ಯಾರಿಗೂ ಬೇಡ. "ಅಕ್ಕನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ" ಎಂದು ಕೋಟಣ್ಣ ಹೊಗಳಿ ಪುಸ್ತಕವನ್ನು ಅವಳ ಮಡಿಲಿಗೆ ಹಾಕಿದರು. ತಾವು ಅಧ್ಯಕ್ಷರಾಗಿ ಉಳಿದರು. ಇಪ್ಪತ್ತೆರಡು ವರ್ಷ ಇಬ್ಬರೂ ಅದೇ ಜಾಗದಲ್ಲಿದ್ದರು.

ಈಗ ನಮ್ಮ ಸಂಘದ ಒಂದು ವಿಚಿತ್ರ ಪದ್ಧತಿಯ ಬಗ್ಗೆ ಹೇಳಬೇಕು, ಯಾಕೆಂದರೆ ಅದೇ ಅವಳ ಕುತ್ತಿಗೆಗೆ ಬಂತು. ತಿಂಗಳ ಮೊದಲ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಜಗಲಿಯ ಮೇಲೆ ಸಭೆ. ಆದರೆ ದರ್ಜಿಗಳು ನೆಟ್ಟಗೆ ಅರ್ಧ ಗಂಟೆ ಕೂತರೆ ಕೇಳಿ! ಒಬ್ಬರಿಗೆ ಅಳತೆ ಕೊಡಲು ಗಿರಾಕಿ ಬಂದರು, ಇನ್ನೊಬ್ಬರಿಗೆ ಒಲೆಯ ಮೇಲಿನ ಇಸ್ತ್ರಿ ನೆನಪಾಯಿತು. ಮಾತು ಮುಗಿದು ನಿರ್ಣಯ ಬರೆಯುವ ಹೊತ್ತಿಗೆ ಸಹಿ ಹಾಕಲು ಯಾರೂ ಇರುತ್ತಿರಲಿಲ್ಲ. ಅದಕ್ಕೆ ದೊಡ್ಡಮ್ಮ ಒಂದು ಉಪಾಯ ಮಾಡಿದಳು. ಹಾಳೆಯ ನಡುವೆ ಸ್ಕೇಲ್ ಇಟ್ಟು ಪೆನ್ಸಿಲ್ಲಿನಿಂದ ಒಂದು ಗೆರೆ. ಎಲ್ಲರೂ ಬಂದ ಕೂಡಲೇ ಗೆರೆಯ ಕೆಳಗೆ ಸಹಿ ಹಾಕಿಬಿಡುವುದು. ಸಭೆ ಮುಗಿದ ಮೇಲೆ ನಡೆದ ಮಾತನ್ನು ಅವಳು ಗೆರೆಯ ಮೇಲಿನ ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದು, ಹಾಳೆಯ ಕೊನೆಯ ಮೂಲೆಯಲ್ಲಿ ತನ್ನ ಸಹಿ ಹಾಕುವುದು.

"ಇದೆಂಥ ಸಂಘ ದೊಡ್ಡಮ್ಮ? ಖಾಲಿ ಹಾಳೆಗೆ ಸಹಿ ಹಾಕ್ತಾರಲ್ಲ, ನೀನು ಮೇಲೆ ಏನು ಬೇಕಾದ್ರೂ ಬರ್ಕೋಬಹುದು" ಎಂದು ನಾನು ಒಮ್ಮೆ ಅಂದದ್ದಕ್ಕೆ ಅವಳಿಗೆ ಬೇಜಾರಾಯಿತು.

"ಬರ್ಕೋಬಹುದು ಅಂತ ಗೊತ್ತಿದ್ದೂ ಹಾಕ್ತಾರಲ್ಲ ಕಣೇ, ಅದೇ ಸಂಘ" ಅಂದಳು.

ಇಪ್ಪತ್ತೆರಡು ವರ್ಷದಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಬರೆಯಲಿಲ್ಲ. ಕೊನೆಯ ಹನ್ನೆರಡಕ್ಕೆ ನಾನೇ ಸಾಕ್ಷಿ.

ಮೂರು ವರ್ಷದ ಹಿಂದೆ ಯಜಮಾನರು ತೀರಿಕೊಂಡು ಮಗ ಯಜಮಾನನಾದ. ಬಂದವನೇ ಹಳೆಯ ಕಟ್ಟಡ ಕೆಡವಿ ನಾಲ್ಕು ಅಂತಸ್ತಿನದನ್ನು ಕಟ್ಟುತ್ತೇನೆ, ಎಲ್ಲರೂ ಖಾಲಿ ಮಾಡಿ ಎಂದ. ಇವಳು ಸಂಘದ ಪರವಾಗಿ ಎರಡು ವರ್ಷ ಓಡಾಡಿದಳು. ಅವನ ಕಚೇರಿಯ ಬೆಂಚಿನ ಮೇಲೆ ಅವಳು ಕೂತ ಗಂಟೆಗಳನ್ನು ಕೂಡಿಸಿದರೆ ಆ ಬೆಂಚು ಅವಳ ಹೆಸರಿಗೆ ಬರಬೇಕು. ಕೊನೆಗೆ ಅವನು ಬಗ್ಗಿದ. ಹೊಸ ಕಟ್ಟಡದ ನೆಲಮಹಡಿ ಪೂರ್ತಿ ಹಳಬರಿಗೆ. ಸಂಘ ಯಾರ ಹೆಸರು ಬರೆದುಕೊಡುತ್ತದೋ ಅವರಿಗೆ ಅಂಗಡಿ. ಒಪ್ಪಂದಕ್ಕೆ ಸಂಘ ಒಪ್ಪಿಗೆ ಕೊಟ್ಟ ನಿರ್ಣಯವೂ ಅದೇ ಪುಸ್ತಕದಲ್ಲಿ, ಅದೇ ಪೆನ್ಸಿಲ್ ಗೆರೆಯ ಮೇಲೆ.

ಒಂದೇ ತೊಡಕು. ಲಿಫ್ಟು ಮತ್ತು ಮೆಟ್ಟಿಲಿಗೆ ಜಾಗ ಬಿಟ್ಟರೆ ಕೆಳಗೆ ಬರುವುದು ಹದಿನೆಂಟು ಅಂಗಡಿ. ನಾವು ಹತ್ತೊಂಬತ್ತು.

ಆ ಸಭೆಗೆ ನಾನೂ ಹೋಗಿದ್ದೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದೊಡ್ಡಮ್ಮನೇ ಬಾಯಿ ಬಿಟ್ಟಳು. "ಚೀಟಿ ಎತ್ತೋಣ. ಹತ್ತೊಂಬತ್ತು ಹೆಸರೂ ಹಾಕೋಣ, ನಂದೂ ಸೇರಿಸಿ. ಯಾರ ಹೆಸರು ಬರುತ್ತೋ ಅವರು ಬಿಡೋದು. ಉಳಿದ ಹದಿನೆಂಟು ಜನ ಸೇರಿ ಅವರಿಗೆ ಇದೇ ಬೀದೀಲಿ ಇನ್ನೊಂದು ಅಂಗಡಿ ನೋಡಿಕೊಡೋದು. ಅದು ಆಗೋವರೆಗೆ ಯಾರೂ ಹೊಸ ಬಾಗಿಲು ತೆಗೆಯೋ ಹಾಗಿಲ್ಲ. ಏನಂತೀರಿ?" ಎಲ್ಲರೂ ತಲೆಯಾಡಿಸಿದರು. ಕೋಟಣ್ಣನಂತೂ ಕಣ್ಣಲ್ಲಿ ನೀರು ತಂದುಕೊಂಡು, "ಅಕ್ಕ ಇರೋವರೆಗೆ ನಮಗೇನು ಚಿಂತೆ" ಅಂದರು. ಚೀಟಿ ಎರಡು ತಿಂಗಳು ಬಿಟ್ಟು ಎಂದು ನಿಶ್ಚಯವಾಯಿತು.

ಅಷ್ಟರಲ್ಲಿ ಕಣ್ಣಿನ ಕಥೆ ಹೊರಬಿತ್ತು. ಒಂದು ದಿನ ಅವಳು ಕಪ್ಪು ದಾರ ಕೇಳಿದವರಿಗೆ ಕಡುನೀಲಿ ಕೊಟ್ಟಳು. ನಾನು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಎರಡೂ ಕಣ್ಣಿಗೆ ಪೊರೆ. ಒಂದಾದ ಮೇಲೆ ಒಂದು ಆಪರೇಷನ್ನು, ಎಲ್ಲ ಸೇರಿ ಎರಡು ತಿಂಗಳು ಬಗ್ಗುವಂತಿಲ್ಲ, ಓದುವಂತಿಲ್ಲ, ಧೂಳಿಗೆ ಹೋಗುವಂತಿಲ್ಲ ಎಂದರು ಡಾಕ್ಟರು. ಅವಳ ಚಿಂತೆ ಕಣ್ಣಿನದಲ್ಲ, ಪುಸ್ತಕದ್ದು. ಕಾರ್ಯದರ್ಶಿಯ ಸಹಿ ಇಲ್ಲದೆ ನಿರ್ಣಯ ನಿಲ್ಲುವುದಿಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮೂರು ಹಾಳೆಗೆ ಗೆರೆ ಎಳೆದು, ಮೂರರ ಮೂಲೆಯಲ್ಲೂ ಸಹಿ ಹಾಕಿ, ಪುಸ್ತಕವನ್ನು ಕೋಟಣ್ಣನ ಕೈಗೆ ಕೊಟ್ಟಳು.

ನಾನು ಅಲ್ಲೇ ನಿಂತಿದ್ದೆ. ತಡೆಯಲಿಲ್ಲ. ನನ್ನ ಕೋಪ ಬೇಡದ ಕಡೆಯೆಲ್ಲ ಬರುತ್ತದೆ, ಬೇಕಾದ ದಿನ ನಿದ್ದೆ ಹೋಗಿತ್ತು.

ಎರಡು ತಿಂಗಳು ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಳು. ಸಾಲಿನವರು ಬಂದು ಹೋಗುತ್ತಿದ್ದರು. ಕಸೂತಿಯವಳು ಪ್ರತಿ ಭಾನುವಾರ ಬಂದು ತಲೆ ಬಾಚಿಕೊಡುತ್ತಿದ್ದಳು. ಕೋಟಣ್ಣ ಹಣ್ಣು ತಂದು, "ಅಲ್ಲಿ ಎಲ್ಲಾ ಸರಿಯಾಗಿದೆ, ನೀವು ಕಣ್ಣು ನೋಡ್ಕೊಳ್ಳಿ ಅಕ್ಕ" ಎನ್ನುತ್ತಿದ್ದರು. ಚೀಟಿಯ ಸುದ್ದಿ ಕೇಳಿದರೆ, ಆಗುತ್ತೆ ಆಗುತ್ತೆ ಎಂದು ಮಾತು ಹಾರಿಸುತ್ತಿದ್ದರು.

ಎರಡನೆಯ ಆಪರೇಷನ್ ಆಗಿ ಮೂರನೆಯ ವಾರ ಯಜಮಾನನ ಗುಮಾಸ್ತ ಸಾಲಿಗೆ ಬಂದ. ಒಂದೊಂದು ಅಂಗಡಿಗೂ ಹೊಸ ಕಟ್ಟಡದ ಅಂಗಡಿ ಸಂಖ್ಯೆ ಬರೆದ ಕಾಗದ ಕೊಡುತ್ತ ಬಂದ. ನಮ್ಮ ಅಂಗಡಿಯ ಮುಂದೆ ನಿಂತು ಪಟ್ಟಿ ನೋಡಿ ಮುಂದಕ್ಕೆ ಹೋದ. ನಾನು ಕೂಗಿ ಕರೆದೆ. "ನಿಮ್ಮದು ಇಲ್ಲವಲ್ಲಮ್ಮ. ನೀವು ಬೇಡ ಅಂದಿದೀರಂತಲ್ಲ?" ಅಂದ.

ಕೋಟಣ್ಣನ ಅಂಗಡಿಗೆ ಹೋಗಿ, ಕೇಳದೆ, ಗಲ್ಲಾಪೆಟ್ಟಿಗೆಯ ಮೇಲಿದ್ದ ಪುಸ್ತಕ ಎತ್ತಿಕೊಂಡು ಮನೆಗೆ ಬಂದೆ. ಅವರು ಸೂಜಿ ಬಾಯಲ್ಲಿಟ್ಟುಕೊಂಡು ಏನೋ ಹೇಳುತ್ತಿದ್ದರು, ನಾನು ನಿಲ್ಲಲಿಲ್ಲ. ದೊಡ್ಡಮ್ಮನ ಮುಂದೆ ಕೂತು ಓದಿದೆ. "ಸಂಘದ ಕಾರ್ಯದರ್ಶಿಗಳು ತಮ್ಮ ವಯಸ್ಸು ಮತ್ತು ಆರೋಗ್ಯದ ಕಾರಣದಿಂದ ಹೊಸ ಕಟ್ಟಡದಲ್ಲಿ ಅಂಗಡಿ ಬೇಡವೆಂದು ಸ್ವಂತ ಇಚ್ಛೆಯಿಂದ ತಿಳಿಸಿರುತ್ತಾರೆ. ಆದ್ದರಿಂದ ಚೀಟಿ ಎತ್ತುವ ಅಗತ್ಯವಿಲ್ಲವೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತು." ಅದಾದ ಮೇಲೆ ಹೊಗಳಿಕೆ. ಅವಳ ನಿಸ್ವಾರ್ಥ ಸೇವೆ, ತಾಯಿಯಂಥ ಮನಸ್ಸು, ಸಂಘ ಎಂದೆಂದಿಗೂ ಚಿರಋಣಿ. ಕೆಳಗೆ ಹದಿನೇಳು ಸಹಿ, ಇಸ್ತ್ರಿಯಣ್ಣನದೊಂದು ಹೆಬ್ಬೆಟ್ಟು. ಮೂಲೆಯಲ್ಲಿ ಅವಳ ಸಹಿ.

ಕಪ್ಪು ಕನ್ನಡಕದ ಹಿಂದೆ ಕಣ್ಣು ಏನು ಮಾಡುತ್ತಿತ್ತೋ ಕಾಣಲಿಲ್ಲ. "ಇನ್ನೊಂದ್ಸಲ ಓದು" ಅಂದಳು. ಓದಿದೆ. "ನಾನು ಹಾಗೆ ಹೇಳೇ ಇಲ್ಲವಲ್ಲೇ" ಅಂದಳು. ನಾನೇನೋ ಅವಳನ್ನು ಅನುಮಾನಿಸುತ್ತಿದ್ದೇನೆ ಎಂಬಂತೆ.

ಸುದ್ದಿ ಹಬ್ಬಿ ಎಲ್ಲರೂ ಮನೆಗೆ ಬಂದರು, ಮತ್ತೆ ಒಬ್ಬೊಬ್ಬರಾಗಿಯೇ. ಎಲ್ಲರ ಬಾಯಲ್ಲೂ ಒಂದೇ ಪಾಠ. "ನಾವು ಯಾವತ್ತಿನ ಹಾಗೆ ಮೊದಲೇ ಸಹಿ ಹಾಕಿ ಹೋದ್ವಿ ಅಕ್ಕ. ಮೇಲೆ ಏನು ಬರೆದರೋ ದೇವರೇ ಬಲ್ಲ." ಕಸೂತಿಯವಳು ಅವಳ ಕೈ ಹಿಡಿದು ಅತ್ತಳು. ಕೋಟಣ್ಣ ಮಾತ್ರ ಬೇರೆ ರಾಗ ಹಾಡಿದರು. "ನೀವೇ ಒಂದಿನ ಅಂದಿರಲಿಲ್ವಾ ಅಕ್ಕ, ಸಾಕಾಯ್ತಪ್ಪ, ವಯಸ್ಸಾಯ್ತು ಅಂತ? ನಾನು ಅದನ್ನೇ ಬರೆದೆ. ತಪ್ಪು ತಿಳ್ಕೊಂಡಿದ್ರೆ ಕ್ಷಮಿಸಿ. ಆದ್ರೆ ಈಗ ಯಜಮಾನನಿಗೆ ಪಟ್ಟಿ ಹೋಗಿಬಿಟ್ಟಿದೆ." ಸಾಕಾಯ್ತಪ್ಪ ಎಂದು ದಿನಕ್ಕೆ ಹತ್ತು ಸಲ ಹೇಳದ ಮನುಷ್ಯರು ಯಾರಿದ್ದಾರೆ? ನಾನು ಚಪ್ಪಲಿ ತೋರಿಸಿಯೇ ಅವರನ್ನು ಹೊರಗೆ ಕಳಿಸಿದೆ. ಅದಕ್ಕೆ ದೊಡ್ಡಮ್ಮ ನನ್ನದೇ ತಪ್ಪು ಅಂದಳು.

ಅವಳು ಕೋಟಣ್ಣನೊಬ್ಬರನ್ನು ದೂರಿದಳು, ಉಳಿದ ತಪ್ಪನ್ನೆಲ್ಲ ತನ್ನ ತಲೆಗೆ ಕಟ್ಟಿಕೊಂಡಳು. "ಖಾಲಿ ಹಾಳೆಗೆ ಸಹಿ ಹಾಕೋದು ಕಲಿಸಿದ್ದು ನಾನೇ ತಾನೇ? ಪಾಪ, ಅವರಿಗೇನು ಗೊತ್ತು. ಒಬ್ಬ ಮೋಸ ಮಾಡಿದ, ಹದಿನೇಳು ಜನ ಮೋಸ ಹೋದ್ರು" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲಕ್ಕೆ ಹೀಗೂ ಸಮಾಧಾನ ಮಾಡಿಕೊಳ್ಳಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಮೂರು ವಾರ ಅವಳು ಚೆನ್ನಾಗಿಯೇ ಇದ್ದಳು. ಹೊಸ ಕನ್ನಡಕ ಬಂದ ಕೂಡಲೇ ಎಲ್ಲರನ್ನೂ ಸೇರಿಸಿ ಹೇಳುತ್ತೇನೆ, ಹದಿನೇಳು ಜನ ನನ್ನ ಪರ ನಿಂತರೆ ಕೋಟಣ್ಣ ಏನು ಮಾಡಿಯಾರು ಎಂದು ಲೆಕ್ಕ ಹಾಕಿಕೊಂಡಿದ್ದಳು.

ಕನ್ನಡಕ ಬಂತು. ಬೆಳಗ್ಗೆ ಹತ್ತು ಗಂಟೆ, ಕಿಟಕಿಯ ಹತ್ತಿರ ಕೂತು ಪುಸ್ತಕ ತೆಗೆದಳು. ನಾನು ಅಡಿಗೆಮನೆಯಲ್ಲಿದ್ದೆ. ಬಂದು ನೋಡಿದರೆ ಆ ಹಾಳೆಯ ಮೇಲೆ ಬೆರಳಿಟ್ಟು ಕೂತಿದ್ದಾಳೆ.

"ನನ್ನ ಗೆರೆ ಎಲ್ಲಿದೆ ನೋಡು" ಅಂದಳು.

ಗೆರೆ ಅದರ ಜಾಗದಲ್ಲೇ ಇತ್ತು, ಹಾಳೆಯ ನಡುವೆ. ಆದರೆ ಕೋಟಣ್ಣನ ಬರಹ ಅಲ್ಲಿಗೆ ನಿಂತಿರಲಿಲ್ಲ. ಹೊಗಳಿಕೆ ಉದ್ದವಾಗಿ ಗೆರೆಯನ್ನು ದಾಟಿ ಇನ್ನೂ ಆರು ಸಾಲು ಕೆಳಗಿಳಿದಿತ್ತು. ಸಹಿಗಳು ಶುರುವಾಗುವುದು ಆ ಆರು ಸಾಲಿನ ಕೆಳಗಿನಿಂದ. ಜಾಗ ಸಾಲದೆ ಕೊನೆಯ ನಾಲ್ಕು ಸಹಿ ಅಂಚಿನಲ್ಲಿ ಅಡ್ಡಡ್ಡ ಕೂತಿದ್ದವು. ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆ. ಇಪ್ಪತ್ತೆರಡು ವರ್ಷದ ಹಾಳೆಗಳಲ್ಲಿ ಮೊದಲ ಸಹಿ ಗೆರೆಗೆ ಅಂಟಿಕೊಂಡೇ ಇದೆ. ಖಾಲಿ ಹಾಳೆಗೆ ಸಹಿ ಹಾಕಿದ್ದರೆ ಇಲ್ಲೂ ಹಾಗೆಯೇ ಇರಬೇಕಿತ್ತು, ಬರಹ ಗೆರೆ ದಾಟಲು ಜಾಗವೇ ಇರುತ್ತಿರಲಿಲ್ಲ. ಅಂದರೆ ಈ ಒಂದು ಹಾಳೆಯಲ್ಲಿ ಬರೆದದ್ದು ಮೊದಲು, ಸಹಿ ಆಮೇಲೆ. ಎಲ್ಲರೂ ನೋಡಿಯೇ ಹಾಕಿದ್ದಾರೆ. ಗೆರೆಯ ಪದ್ಧತಿ ಬಂದಾಗಿನಿಂದ ಒಂದೇ ಒಂದು ಸಲ ಕಾನೂನು ಹೇಳುವಂತೆ ನಡೆದುಕೊಂಡಿದ್ದಾರೆ, ಅದು ಇವಳನ್ನು ಹೊರಗೆ ಹಾಕಲು.

ಅದೇ ಹಾಳೆಯನ್ನು ನಾನು ಎರಡೆರಡು ಸಲ ಓದಿದ್ದೆ. ಕಣ್ಣು ಸರಿಯಿದ್ದ ನನಗೆ ಕಾಣಲಿಲ್ಲ.

ದೊಡ್ಡಮ್ಮ ಅಳಲಿಲ್ಲ. ಪುಸ್ತಕ ಮುಚ್ಚಿ, "ತಲೆ ಬಾಚೋಕೆ ಬರ್ತಿದ್ಲಲ್ಲೇ" ಅಂದಳು. ಕೋಟಣ್ಣ ಮಾಡಿದ್ದು ಅವಳಿಗೆ ತಡೆದುಕೊಳ್ಳಲು ಆಗಿತ್ತು. ಮನೆಗೆ ಬಂದು ಕೈ ಹಿಡಿದು ಅತ್ತವರು ಕೈ ಹಿಡಿಯುವಾಗಲೇ ಸುಳ್ಳು ಹೇಳುತ್ತಿದ್ದರು ಎಂಬುದನ್ನು ತಡೆದುಕೊಳ್ಳಲು ಆಗಲಿಲ್ಲ. ಅವತ್ತು ಊಟ ಬಿಟ್ಟಳು, ಮಾರನೆಯ ದಿನವೂ ಬಿಟ್ಟಳು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂದು ನಾನು ಗಾದೆ ಹೇಳಿದರೆ, "ಬಾಯಿ ಮುಚ್ಚು" ಅಂದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳ ಕೋಪ ನೋಡಿದೆ.

ಮೂರನೆಯ ದಿನ ನಾನೇ ವಕೀಲರ ಹತ್ತಿರ ಕರೆದುಕೊಂಡು ಹೋದೆ. ಅವರು ಪುಸ್ತಕವನ್ನು ಹಿಂದೆ ಮುಂದೆ ತಿರುವಿ, "ಇದು ಬಹಳ ಸುಲಭ" ಅಂದರು. ಕಾರ್ಯದರ್ಶಿ ಖಾಲಿ ಹಾಳೆಗೆ ಮುಂಚೆಯೇ ಸಹಿ ಹಾಕಿದ್ದು ಎಂದು ಹೇಳಿಕೆ ಕೊಟ್ಟರೆ ಸಾಕು, ಈ ನಿರ್ಣಯ ಬಿದ್ದುಹೋಗುತ್ತದೆ.

"ನನ್ನ ಅಂಗಡಿ?" ಎಂದು ದೊಡ್ಡಮ್ಮ ಕೇಳಿದಳು.

ವಕೀಲರು ಪುಸ್ತಕ ಮುಚ್ಚಿ ಹೇಳಿದರು. "ನೋಡಿ ಅಮ್ಮ, ಆಗ ಅವರ ವಕೀಲರು ಕೇಳ್ತಾರೆ, ಇದೊಂದೇ ಹಾಳೆನಾ, ಉಳಿದವೂ ಹಾಗೇನಾ ಅಂತ. ನೀವು ಸುಳ್ಳು ಹೇಳೋ ಹಾಗಿಲ್ಲ. ಯಜಮಾನನ ಜೊತೆ ಒಪ್ಪಂದ ಮಾಡ್ಕೊಂಡ ನಿರ್ಣಯವೂ ಖಾಲಿ ಹಾಳೇ ಅಲ್ವಾ? ಅದೂ ಬೀಳುತ್ತೆ. ಆಗ ಅವನು ಯಾರಿಗೂ ಅಂಗಡಿ ಕೊಡಬೇಕಾಗಿಲ್ಲ. ಅವನಿಗೆ ಅದೇ ಬೇಕಾಗಿರೋದು. ನಿಮಗೂ ಸಿಗೋಲ್ಲ, ಅವರಿಗೂ ಸಿಗೋಲ್ಲ. ಆದ್ರೆ ಮೋಸ ಮಾಡಿದವರಿಗೆ ಪಾಠ ಆಗುತ್ತೆ." ದೂರನ್ನು ಬರೆಸಿಯೇ ಕೊಟ್ಟರು. ಅವಳ ಸಹಿಯೊಂದೇ ಬಾಕಿ.

ಮಂಗಳವಾರ ಮೂರಕ್ಕೆ ದೊಡ್ಡಮ್ಮ ಜಗಲಿಗೆ ಹೋದಳು. ಮಡಿಲಲ್ಲಿ ಪುಸ್ತಕ, ಕೈಚೀಲದಲ್ಲಿ ದೂರು. ಅವತ್ತು ಯಾರಿಗೂ ಗಿರಾಕಿ ಬರಲಿಲ್ಲ, ಯಾರಿಗೂ ಇಸ್ತ್ರಿ ನೆನಪಾಗಲಿಲ್ಲ, ಹದಿನೆಂಟು ಜನವೂ ಬಂದು ಕೂತರು. ನಾನು ಅವಳ ಹಿಂದೆ ಕಂಬಕ್ಕೆ ಒರಗಿ ನಿಂತೆ.

ಅವಳು ಗೆರೆಯ ವಿಷಯ ಎತ್ತಲಿಲ್ಲ. ಹಾಳೆ ತೆಗೆದು, ಸಹಿ ಇದ್ದ ಕ್ರಮದಲ್ಲೇ ಒಬ್ಬೊಬ್ಬರನ್ನೂ ಕೇಳುತ್ತ ಬಂದಳು. "ನೀವು ಇದನ್ನ ಓದಿ ಸಹಿ ಹಾಕಿದ್ರಾ?"

"ಇಲ್ಲ ಅಕ್ಕ."

"ಓದಲಿಲ್ಲ ಅಕ್ಕ."

"ನಾನು ಯಾವತ್ತು ಓದಿದೀನಿ ಹೇಳಿ?"

ಕಸೂತಿಯವಳು, "ನಿಮ್ಮಾಣೆ ಇಲ್ಲ ಅಕ್ಕ" ಅಂದಳು. ದೊಡ್ಡಮ್ಮ ಅವಳ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು ಅಷ್ಟೇ. ಕೋಟಣ್ಣನ ಸರದಿ ಬಂದಾಗ ಅವರು, "ನಾನು ಆವತ್ತೇ ಹೇಳಿದೀನಲ್ಲ" ಅಂದರು. ಹೀಗೆ ಹದಿನೇಳು ಜನ ಮುಗಿದರು. ಕೊನೆಗೆ ಇಸ್ತ್ರಿಯಣ್ಣ ಉಳಿದ.

ಇಸ್ತ್ರಿಯಣ್ಣನಿಗೆ ಅಕ್ಷರ ಬರುವುದಿಲ್ಲ. ಇಸ್ತ್ರಿ ಹಿಡಿದು ಹಿಡಿದು ಅವನ ಬೆರಳ ಗೆರೆಗಳೂ ಸವೆದು ಹೋಗಿ ಹೆಬ್ಬೆಟ್ಟು ಬರೀ ಮಸಿಯ ಚುಕ್ಕೆಯಾಗಿ ಬೀಳುತ್ತದೆ. ಅವನನ್ನು ಕೇಳಿ ಪ್ರಯೋಜನವಿಲ್ಲ ಎಂದುಕೊಂಡು ದೊಡ್ಡಮ್ಮ ಪುಸ್ತಕ ಮುಚ್ಚುವುದರಲ್ಲಿದ್ದಳು.

"ನನ್ನ ಕೇಳಲಿಲ್ವಲ್ಲ ಅಕ್ಕ" ಅಂದ ಅವನು.

"ನಿಂಗೆ ಓದೋಕೆ ಬರಲ್ಲವಲ್ಲೋ."

"ಬರಲ್ಲ. ಅದಕ್ಕೆ ಓದಿಸ್ಕೊಂಡೆ. ಎರಡು ಸಲ ಓದಿಸ್ಕೊಂಡೆ." ಎದ್ದು ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಚುಂಗು ಹಿಡಿದುಕೊಂಡಿದ್ದ. "ಎಲ್ರೂ ಇಲ್ಲೇ ಕೂತಿದ್ವಿ. ಕೋಟಣ್ಣ ಗಟ್ಟಿಯಾಗೇ ಓದಿದ್ರು. ಅಕ್ಕಂಗೆ ಹಿಂದಿಲ್ಲ ಮುಂದಿಲ್ಲ, ಅಕ್ಕ ಏನೂ ಅನ್ನಲ್ಲ, ಸಂಘಕ್ಕೆ ಕೆಟ್ಟ ಹೆಸರು ತರೋಳಲ್ಲ ಅಂದ್ರು. ಚೀಟಿ ಎತ್ತಿದ್ರೆ ನನ್ನ ಹೆಸರು ಬರಬಹುದಿತ್ತು ಅಕ್ಕ. ಹೆದರಿಕೆ ಆಯ್ತು. ಅರ್ಥ ಆಗೇ ಹೆಬ್ಬೆಟ್ಟು ಒತ್ತಿದೆ."

ಕೋಟಣ್ಣ ತಮ್ಮ ಅಳತೆ ಟೇಪನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಅಕ್ಕ ಏನೂ ಅನ್ನಲ್ಲ. ಇವಳ ಇಪ್ಪತ್ತೆರಡು ವರ್ಷದ ನಿಯತ್ತಿಗೆ ಅವರೆಲ್ಲ ಕಟ್ಟಿದ ಬೆಲೆ ಅದು. ಒಳ್ಳೆಯವಳೆಂದು ಗೊತ್ತಿದ್ದುದರಿಂದಲೇ ಅವಳನ್ನು ಆರಿಸಿದ್ದರು. ನನಗೆ ಕಂಬಕ್ಕೆ ತಲೆ ಚಚ್ಚಿಕೊಳ್ಳುವಂತಾಯಿತು. ಈಗ ತೆಗೆ ದೊಡ್ಡಮ್ಮ, ಆ ಕಾಗದ ಈಗ ತೆಗೆ ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವಳು ನಿಜವಾಗಿಯೂ ಕೈಚೀಲದೊಳಗೆ ಕೈ ಹಾಕಿದಳು.

ಕೈ ಒಳಗೇ ಇಟ್ಟುಕೊಂಡು ಮಾತಾಡಿದ್ದು ಇಷ್ಟು: "ನನಗೆ ಅಂಗಡಿ ಕೊಡಿ ಅಂತ ಕೇಳ್ತಿಲ್ಲ. ಈ ಹಾಳೆ ಹೊಡೆದು ಹಾಕೋಣ. ಇವತ್ತೇ, ಇಲ್ಲೇ ಚೀಟಿ ಎತ್ತೋಣ, ಹತ್ತೊಂಬತ್ತು ಹೆಸರಿಂದು. ನನ್ನ ಹೆಸರೇ ಬಂದ್ರೆ ನಗ್ತಾ ಎದ್ದು ಹೋಗ್ತೀನಿ. ಒಪ್ಪಿಗೆ ಇರೋರು ಕೈ ಎತ್ತಿ."

ಬೀದಿಯಲ್ಲಿ ಹೋಗುವವರು ಇವರೆಲ್ಲ ಯಾಕೆ ಹೀಗೆ ಮೂಕರ ಹಾಗೆ ಕೂತಿದ್ದಾರೆ ಎಂದು ತಿರುಗಿ ನೋಡಿ ಹೋದರು. ಕಸೂತಿಯವಳ ಕೈ ಮಡಿಲಿನಿಂದ ಅಲುಗಲಿಲ್ಲ. ನಾನು ಹದಿನೆಂಟು ಜನರ ಕೈಗಳನ್ನೇ ನೋಡುತ್ತಿದ್ದೆ. ಹೆಚ್ಚಿನವು ಆರೂವರೆ ಅಡಿ ಆಳಿನ ಕೋಟಿಗೂ ಒಂದು ಗೇಣಿನ ಕೂಸಿನ ಅಂಗಿಗೂ ಅಂದಾಜು ತಪ್ಪದ ಕೈಗಳು.

ಕೊನೆಗೆ ಒಂದೇ ಒಂದು ಕೈ ಮೇಲೆದ್ದಿತು. ಬೆರಳಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳಿದ್ದ ಇಸ್ತ್ರಿಯಣ್ಣನ ಕೈ. ಇಳಿಸಲಿಲ್ಲ.

ದೊಡ್ಡಮ್ಮ ಅದನ್ನು ನೋಡಿದಳು. ಕೈಚೀಲದಿಂದ ಕೈಯನ್ನು ಬರಿಗೈಯಾಗಿಯೇ ಹೊರಗೆ ತೆಗೆದಳು. ಪುಸ್ತಕದ ಹೊಸ ಹಾಳೆಯಲ್ಲಿ, ಗೆರೆ ಎಳೆಯದೆ, "ಚೀಟಿಗೆ ಒಪ್ಪಿದವರು ಒಬ್ಬರು, ಒಪ್ಪದವರು ಹದಿನೇಳು" ಎಂದು ಬರೆದಳು. ತನ್ನ ಸಹಿ ಹಾಕಿ, ಪುಸ್ತಕವನ್ನು ಜಗಲಿಯ ಮೇಲೆ ಇಟ್ಟು, ಎದ್ದು ಚಪ್ಪಲಿ ಹಾಕಿಕೊಂಡಳು. ಕೋಟಣ್ಣ ಎದ್ದು ನಿಂತು ಕೈ ಮುಗಿದರು. ಮುಗಿದ ಕೈ ಹಾಗೆಯೇ ಉಳಿಯಿತು.

ದಾರಿಯುದ್ದಕ್ಕೂ ನಾನು ಸುಮ್ಮನಿರಲು ನೋಡಿದೆ. ಸೇತುವೆಯ ಹತ್ತಿರ ಬರುವಾಗ ಆಗಲಿಲ್ಲ. ನಡುಬೀದಿಯಲ್ಲಿ ನಿಂತು ಜೋರು ಮಾಡಿದೆ. "ಆ ಕಾಗದ ಯಾಕೆ ತೆಗೀಲಿಲ್ಲ? ಅವರು ನಿನ್ನ ಹರಾಜು ಹಾಕಿದಾರೆ ದೊಡ್ಡಮ್ಮ! ನೀನು ಒಂದು ಸಹಿ ಹಾಕಿದ್ರೆ ಹದಿನೇಳು ಜನಾನೂ ಬೀದಿಗೆ ಬರ್ತಿದ್ರು."

ಅವಳು ನಿಲ್ಲಲಿಲ್ಲ. ಹೊಸ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತ ನಡೆಯುತ್ತಲೇ ಹೇಳಿದಳು.

"ಹದಿನೇಳಲ್ಲ ಕಣೇ, ಹದಿನೆಂಟು. ಕೈ ಎತ್ತಿದವನ ಅಂಗಡೀನೂ ಅದರಲ್ಲೇ ಇದೆ."